ಒರೆಸದೆ ಬಿಟ್ಟ ಐಸಿ

“ಹನ್ನೊಂದು ವರ್ಷವಾಯಿತು. ಇನ್ನೂ ನಾನು ಮಾಡಿದ ಔಷಧಿಯ ಮುಚ್ಚಳ ತೆಗೆದು ನೋಡಬೇಕೆ, ಗುರುಗಳೇ?” ಎಂದು ಶಿಷ್ಯ ಕೇಳಿದ.

ಗುರುಗಳು ವೈದ್ಯರು. ಅವರ ಮನೆಯಲ್ಲಿ ಒಂದು ನಿಯಮವಿತ್ತು. ಶಿಷ್ಯ ಕುದಿಸಿ, ಸೋಸಿ, ಸೀಸೆಗೆ ತುಂಬಿಸಿದ ಕಷಾಯವನ್ನು ಗುರುಗಳು ಮುಚ್ಚಳ ತೆಗೆದು ಮೂಸುತ್ತಿದ್ದರು. ಒಂದು ಹನಿ ನಾಲಿಗೆಯ ಮೇಲೆ ಬಿಟ್ಟುಕೊಳ್ಳುತ್ತಿದ್ದರು. ಆಮೇಲೆ ಸೀಸೆ ರೋಗಿಯ ಕೈಗೆ ಹೋಗುತ್ತಿತ್ತು. ಎದುರಿಗೆ ಯಾರಿದ್ದರೂ ಹಾಗೆಯೇ, ಯಾರಿಲ್ಲದಿದ್ದರೂ ಹಾಗೆಯೇ. ಒಂದು ದಿನವೂ ಇದು ತಪ್ಪಿರಲಿಲ್ಲ.

ಆ ದಿನ ಹೊರಗೆ ಜಗಲಿಯ ಮೇಲೆ ಒಬ್ಬ ಹೆಂಗಸು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಳಿತಿದ್ದಳು. ಮಗುವಿನ ಕೆಮ್ಮಿಗೆ ಔಷಧಿ ಒಯ್ಯಲು ಬಂದಿದ್ದಳು. ಅವಳ ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ಗುರುಗಳು ಸೀಸೆಗೆ ಕೈ ಚಾಚಿದಾಗ ಶಿಷ್ಯ ಮುಚ್ಚಳದ ಮೇಲೆ ಅಂಗೈ ಇಟ್ಟು ಈ ಪ್ರಶ್ನೆ ಕೇಳಿದ್ದ.

“ಕೈ ತೆಗೆ,” ಎಂದರು ಗುರುಗಳು.

“ಮೊದಲು ಉತ್ತರ ಹೇಳಿ. ನಿನ್ನೆ ಬ್ಯಾಂಕಿನ ಮ್ಯಾನೇಜರರ ಮುಂದೆ ಹೀಗೆಯೇ ಮಾಡಿದಿರಿ. ಅವರು ನನ್ನ ಮುಖ ನೋಡಿ ನಕ್ಕರು. ‘ಇನ್ನೂ ಪರೀಕ್ಷೆ ಪಾಸಾಗಿಲ್ಲವೇನಪ್ಪಾ’ ಎಂದರು. ನನ್ನ ತಲೆಯಲ್ಲಿ ನರೆ ಬಂದಿದೆ. ನನ್ನ ಮೇಲೆ ನಂಬಿಕೆಯಿಲ್ಲದಿದ್ದರೆ ಹೇಳಿಬಿಡಿ, ಹೊರಟುಹೋಗುತ್ತೇನೆ. ನಂಬಿಕೆಯಿದ್ದರೆ ಈ ಮುಚ್ಚಳ ಮುಟ್ಟಬೇಡಿ.”

ಶಿಷ್ಯನ ದನಿಯಲ್ಲಿ ಸಿಟ್ಟಿತ್ತು. ಗುರುಗಳು ಆ ಅಂಗೈಯನ್ನು ನೋಡಿದರು. ಅವರ ಮುಖವೂ ಗಂಟಿಕ್ಕಿತ್ತು.

“ಸೀಸೆ ಇಲ್ಲೇ ಇರಲಿ. ಮುಚ್ಚಳ ಹೀಗೇ ಇರಲಿ. ಕುಳಿತು ಕೇಳು,” ಎಂದು ಹೇಳಿ ಗುರುಗಳು ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ರಿಪೇರಿಗಾರನಿದ್ದ. ಹಳೆಯ ರೇಡಿಯೋ, ಆಂಪ್ಲಿಫಯರ್, ಕರೆಂಟಿನಿಂದ ನುಡಿಯುವ ವಾದ್ಯ, ಇವುಗಳನ್ನು ಸರಿಮಾಡುವುದು ಅವನ ಕೆಲಸ. ಬೇರೆಯವರು ‘ಇದು ಗುಜರಿಗೆ ಹಾಕುವ ಮಾಲು’ ಎಂದು ಕೈಬಿಟ್ಟದ್ದು ಅವನ ಮೇಜಿಗೆ ಬರುತ್ತಿತ್ತು.

ಅಂತಹ ಯಂತ್ರಗಳ ಒಳಗೆ ಐಸಿ ಎಂಬ ಬಿಡಿಭಾಗವಿರುತ್ತದೆ. ಕಪ್ಪು ಮೈ, ಎರಡು ಬದಿಗೆ ಲೋಹದ ಕಾಲುಗಳು, ಬೆನ್ನ ಮೇಲೆ ಅದರ ಅಂಕಿ. ಯಂತ್ರ ಹಳೆಯದಾದಷ್ಟೂ ಅದರ ಐಸಿ ಸಿಗುವುದು ಕಷ್ಟ. ಮಾಡುತ್ತಿದ್ದ ಕಾರ್ಖಾನೆ ಮಾಡುವುದನ್ನು ನಿಲ್ಲಿಸಿರುತ್ತದೆ. ಎಲ್ಲಿ ಕೊರತೆಯಿರುತ್ತದೆಯೋ ಅಲ್ಲಿ ಮೋಸ ಹುಟ್ಟುತ್ತದೆ. ಯಾವುದೋ ಕೆಲಸಕ್ಕೆ ಬಾರದ ಐಸಿ ತರುತ್ತಾರೆ. ಬೆನ್ನಿನ ಅಂಕಿಯನ್ನು ಉಜ್ಜಿ ತೆಗೆಯುತ್ತಾರೆ. ಮೇಲೆ ಕಪ್ಪು ಬಣ್ಣ ಬಳಿದು ಬೇಕಾದ ಅಂಕಿಯನ್ನು ಅಚ್ಚು ಹಾಕುತ್ತಾರೆ. ಕಣ್ಣಿಗೆ ಅದು ಅಸಲಿಗಿಂತ ಚೆನ್ನಾಗಿ ಕಾಣುತ್ತದೆ.

ಇದನ್ನು ಹಿಡಿಯಲು ರಿಪೇರಿಗಾರನಿಗೆ ಒಂದೇ ಉಪಾಯವಿತ್ತು. ಜೇಬಿನಲ್ಲಿ ಒಂದಿಷ್ಟು ಹತ್ತಿ, ಹೆಂಗಸರು ಉಗುರಿನ ಬಣ್ಣ ಅಳಿಸಲು ಬಳಸುವ ದ್ರಾವಣದ ಒಂದು ಸಣ್ಣ ಸೀಸೆ. ಐಸಿ ಕೊಳ್ಳುವ ಮೊದಲು ಅಂಗಡಿಯ ಗಲ್ಲೆಯ ಮುಂದೆಯೇ ನಿಂತು, ಮಾರುವವನ ಕಣ್ಣೆದುರಿಗೇ, ಹತ್ತಿಯನ್ನು ಅದ್ದಿ ಐಸಿಯ ಬೆನ್ನನ್ನು ಒರೆಸುತ್ತಿದ್ದ. ಹತ್ತಿ ಬೆಳ್ಳಗೆ ಉಳಿದರೆ ಕೊಳ್ಳುತ್ತಿದ್ದ. ಕಪ್ಪಾದರೆ ಹತ್ತಿಯನ್ನು ಗಲ್ಲೆಯ ಮೇಲೆ ಬಿಟ್ಟು ಮಾತಿಲ್ಲದೆ ಇಳಿದುಹೋಗುತ್ತಿದ್ದ.

ಪೇಟೆಯವರು ಅವನಿಗೆ ಹತ್ತಿ ಮಾಸ್ತರ ಎಂದು ಹೆಸರಿಟ್ಟಿದ್ದರು.

“ಬಂದ ನೋಡ್ರಿ ಹತ್ತಿ ಮಾಸ್ತರ. ಒಳಗಿನ ಡಬ್ಬಿ ಒಳಗ ಇಡ್ರಿ,” ಎಂದು ಒಬ್ಬ ಕೂಗುತ್ತಿದ್ದ.

“ಮಾಸ್ತರ, ಮನಿಯಾಗ ಸಾರು ಉಣ್ಣೂ ಮುಂಚೆನೂ ಹತ್ತಿ ಅದ್ದಿ ನೋಡ್ತೀರೇನು?” ಎಂದು ಇನ್ನೊಬ್ಬ ಕೇಳುತ್ತಿದ್ದ.

“ಸಾರು ನೀ ಮಾರಿದ್ದಾದ್ರ ನೋಡ್ತೀನಿ,” ಎನ್ನುತ್ತಿದ್ದ ರಿಪೇರಿಗಾರ.

ಆ ಪೇಟೆಯಲ್ಲಿ ಅವನಿಗೆ ಒಬ್ಬ ಸ್ನೇಹಿತನಿದ್ದ. ಅವನೂ ಬಿಡಿಭಾಗಗಳ ವ್ಯಾಪಾರಿ. ಇಪ್ಪತ್ತೆರಡು ವರ್ಷ ರಿಪೇರಿಗಾರ ಅವನಿಂದ ಮಾಲು ಕೊಂಡಿದ್ದ. ಇಪ್ಪತ್ತೆರಡು ವರ್ಷವೂ ಪ್ರತಿಯೊಂದನ್ನೂ ಒರೆಸಿದ್ದ. ವ್ಯಾಪಾರಿ ಬೇಸರ ಮಾಡಿಕೊಂಡಿರಲಿಲ್ಲ. ಗೆಳೆಯ ಒರೆಸುವಷ್ಟು ಹೊತ್ತಿಗೆ ಚಹಾ ತರಿಸುತ್ತಿದ್ದ. ಅವನ ಅಂಗಡಿಯಲ್ಲಿ ಹತ್ತಿ ಒಂದು ಸಲವೂ ಕಪ್ಪಾಗಿರಲಿಲ್ಲ. ‘ಹತ್ತಿ ಮಾಸ್ತರ ಕೊಳ್ಳುವ ಅಂಗಡಿ’ ಎಂದೇ ಬೇರೆ ಊರಿನವರೂ ಅಲ್ಲಿಗೆ ಬರುತ್ತಿದ್ದರು.

ಒಂದು ದಿನ ರಿಪೇರಿಗಾರನ ಬಳಿಗೆ ಒಬ್ಬ ವಾದಕಿ ಬಂದಳು. ಊರೂರು ತಿರುಗುವ ನಾಟಕ ಕಂಪನಿಯವಳು. ಅವಳ ತಂದೆ ಆ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ. ತಂದೆಯ ನಂತರ ಅವಳು ಆ ಜಾಗದಲ್ಲಿ ಕುಳಿತಳು. ಅವಳದು ಹಾರ್ಮೋನಿಯಂ ಅಲ್ಲ, ಬಗೆಬಗೆಯ ಸಪ್ಪಳ ಹುಟ್ಟಿಸುವ ನಲವತ್ತು ವರ್ಷ ಹಳೆಯ ಸಿಂಥಸೈಜರ್. ಕಂಪನಿಯವರು ಅದನ್ನು ಕರೆಂಟ್ ಪೆಟ್ಟಿಗೆ ಎನ್ನುತ್ತಿದ್ದರು. ಇಬ್ಬರು ಗಂಡಸರು ಅದನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಹೊತ್ತು ತಂದಿದ್ದರು.

ಆ ಪೆಟ್ಟಿಗೆ ಒಂದೇ ಸಲಕ್ಕೆ ಆರು ಸ್ವರ ನುಡಿಯುತ್ತಿತ್ತು. ಆರಕ್ಕೆ ಆರು ಐಸಿ. ಅದರಲ್ಲಿ ಒಂದು ಕೆಟ್ಟಿತ್ತು. ಐದು ಸ್ವರ ಸರಿಯಾಗಿ ಬಂದು ಆರನೆಯದು ಕರಕರ ಎನ್ನುತ್ತಿತ್ತು.

“ಹೋದ ಊರಿನ ಕ್ಯಾಂಪಿನಾಗ ಹೆಣದ ಸೀನಿತ್ತು,” ಎಂದಳು ವಾದಕಿ. “ತಾಯಿ ಮಗನ ಹೆಣದ ಮುಂದ ಕುಂತಾಳ. ಪೆಟ್ಟಿಗಿ ಕರಕರ ಅಂತು. ಜನ ನಕ್ಕುಬಿಟ್ರು. ಆ ಪಾರ್ಟು ಮಾಡೋಳು ಪರದೆ ಬಿದ್ದ ಮ್ಯಾಲ ನನ್ನ ಮುಂದ ನಿಂತು ಅತ್ತಳ್ರೀ.”

“ಸರಿಮಾಡಿ ಕೊಡ್ತೀನಿ,” ಎಂದ ರಿಪೇರಿಗಾರ.

“ಸರಿ ಮಾಡೋದಕ್ಕಿಂತ ಮುಂಚೆ ಒಂದು ಮಾತು ಕೇಳ್ರಿ. ಇದರಾಗ ನಲವತ್ತೆಂಟು ಸಪ್ಪಳ ಅದಾವ. ನಾನ ಮಾಡಿಟ್ಟಿದ್ದು. ಹದಿನೆಂಟು ವರ್ಷ ಹಿಡಿದೈತಿ. ಪೆಟ್ಟಿಗಿ ಹೋದ್ರ ಇನ್ನೊಂದು ಪೆಟ್ಟಿಗಿ ತರಬಹುದು. ಸಪ್ಪಳ ಹೋದ್ರ ಎಲ್ಲಿಂದ ತರ್ಲಿ?”

ಅವಳು ಒಂದೊಂದನ್ನೂ ನುಡಿಸಿ ತೋರಿಸಿದಳು. ಬಾವಿಗೆ ಬಿಂದಿಗೆ ಬೀಳುವ ಸಪ್ಪಳ. ದೂರಕ್ಕೆ ಹೋಗುವ ರೈಲು. ಜೈಲಿನ ಬಾಗಿಲು. ಹಸಿದ ಮಗು. ಹತ್ತಿ ಗಿರಣಿಯ ಕೂಗು. ಕೊನೆಯದಕ್ಕೆ ಹೆಸರಿರಲಿಲ್ಲ. ಸಾವಿನ ದೃಶ್ಯದಲ್ಲಿ ಬರುವ ಒಂದು ತೆಳ್ಳನೆಯ ಎಳೆ. ಗುಂಡಿಗಳನ್ನು ತಿರುಗಿಸುವಾಗ ಅದು ಅಕಸ್ಮಾತ್ತಾಗಿ ಬಂದಿತ್ತು. ಪಕ್ಕದಲ್ಲಿ ಕುಳಿತಿದ್ದ ಅವಳ ತಂದೆ ‘ಇದನ್ನ ಅಳಿಸಬ್ಯಾಡ’ ಎಂದಿದ್ದ. ಯಾವ ಗುಂಡಿಯನ್ನು ಎಷ್ಟು ತಿರುಗಿಸಿದ್ದಳೆಂದು ಅವಳಿಗೇ ಗೊತ್ತಿರಲಿಲ್ಲ. ಬರೆದಿಟ್ಟುಕೊಂಡಿರಲಿಲ್ಲ. ಧ್ವನಿಗಳನ್ನು ಕ್ಯಾಸೆಟ್ಟಿಗೆ ಇಳಿಸಿಟ್ಟುಕೊಳ್ಳುವ ದಾರಿಯೂ ಆ ಪೆಟ್ಟಿಗೆಯಲ್ಲಿರಲಿಲ್ಲ. ಅವೆಲ್ಲ ಒಳಗಿನ ಒಂದು ಮೆಮೊರಿ ಐಸಿಯಲ್ಲಿದ್ದವು. ಗುಂಡನೆಯ ಒಂದು ಬ್ಯಾಟರಿ ಅದನ್ನು ಹಗಲೂ ರಾತ್ರಿ ಬದುಕಿಸಿತ್ತು.

“ಒಂದು ಸಪ್ಪಳನೂ ಹೋಗೂದಿಲ್ಲ ತಂಗಿ. ನಾ ಹೇಳೀನಲ್ಲ,” ಎಂದ ರಿಪೇರಿಗಾರ.

“ನೀವು ಎಲ್ಲಾ ಅಂಗಡ್ಯಾಗೂ ಒರಸಿ ನೋಡ್ತೀರಿ ಅಂತ ಕೇಳೇ ಬಂದೀನಿ,” ಎಂದಳು ವಾದಕಿ. ಇಪ್ಪತ್ತು ದಿನಕ್ಕೆ ಹೊಸ ಕ್ಯಾಂಪಿನ ಮೊದಲ ಆಟ. ಅದರ ಹಿಂದಿನ ದಿನ ಬರುತ್ತೇನೆಂದು ಹೇಳಿ ಅವಳು ಹೋದಳು.

ರಿಪೇರಿಗಾರ ಪೆಟ್ಟಿಗೆ ಬಿಚ್ಚಿದ. ಮೊದಲು ಬ್ಯಾಟರಿ ನೋಡಿದ. ಅದಕ್ಕೆ ವಯಸ್ಸಾಗಿತ್ತು. ಹಳೆಯದನ್ನು ತೆಗೆಯುವ ಮೊದಲು ಪಕ್ಕದಲ್ಲಿ ಹೊಸದೊಂದನ್ನು ಬೆಸುಗೆ ಹಾಕಿದ. ಅದು ಕೆಲಸ ಹಿಡಿದಿದೆಯೆಂದು ಮೀಟರ್ ಹಿಡಿದು ಎರಡು ಸಲ ನೋಡಿಕೊಂಡ. ಆಮೇಲೆ ಹಳೆಯದನ್ನು ತೆಗೆದ. ಮೆಮೊರಿಗೆ ಒಂದು ಗಳಿಗೆಯೂ ಉಸಿರು ಕಟ್ಟಲಿಲ್ಲ. ಅಷ್ಟು ಎಚ್ಚರಿಕೆಯ ಮನುಷ್ಯ ಅವನು. ಇದನ್ನು ನೆನಪಿಟ್ಟುಕೋ.

ಕೆಟ್ಟ ಐಸಿಯನ್ನು ಹೊರಗೆ ತೆಗೆದು, ಅದರ ಅಂಕಿ ಬರೆದುಕೊಂಡು ಪೇಟೆಗೆ ಹೋದ. ಮೊದಲ ಅಂಗಡಿಯಲ್ಲಿ ಇಲ್ಲ. ಎರಡನೆಯದರಲ್ಲಿ ಇತ್ತು, ಹತ್ತಿ ಕಪ್ಪಾಯಿತು. ಮೂರನೆಯದರಲ್ಲಿಯೂ ಕಪ್ಪಾಯಿತು. ನಾಲ್ಕನೆಯವನು ದೇವರ ಮೇಲೆ ಆಣೆ ಹಾಕಿದ. ಹತ್ತಿ ಒರೆಸಿದಾಗ ಹೊಸ ಅಂಕಿ ಹೋಗಿ ಅಡಿಯಿಂದ ಹಳೆಯ ಅಂಕಿ ಎದ್ದಿತು. ಅದು ಯಾವುದೋ ಗೋಡೆ ಗಡಿಯಾರದ ಐಸಿ.

“ನಿನಗ ನಾಚಿಕಿ ಆಗೂದಿಲ್ಲೇನು?” ಎಂದು ರಿಪೇರಿಗಾರ ಕೇಳಿದ.

“ಎಲ್ಲಾರೂ ಸುಮ್ನ ತಗೊಂಡು ಹೋಗ್ತಾರ. ನಿಮಗೊಬ್ಬರಿಗೇ ಯಾಕ ಬೇಕು ಈ ಹತ್ತಿ?” ಎಂದ ಅಂಗಡಿಯವನು.

ರಿಪೇರಿಗಾರ ಬೇರೆ ಊರಿಗೆ ಹೋದ. ಗುಜರಿಯಲ್ಲಿ ಕುಳಿತು ಸತ್ತ ಕೀಬೋರ್ಡುಗಳ ಹೊಟ್ಟೆ ಬಿಚ್ಚಿದ. ಒಂದು ಚರ್ಚಿನ ಹಳೆಯ ವಾದ್ಯದಲ್ಲಿ ಅದೇ ಐಸಿ ಇದೆಯೆಂದು ಕೇಳಿ ಹೋದ. ಇಲಿಗಳ ಉಚ್ಚೆಗೆ ಅದರ ಕಾಲುಗಳು ಮೊದಲೇ ತುಕ್ಕು ಹಿಡಿದು ಉದುರಿದ್ದವು. ಹದಿನಾರು ದಿನ ಕಳೆದವು. ಅವನ ಜೇಬಿನಲ್ಲಿ ಒಂಬತ್ತು ಕಪ್ಪು ಹತ್ತಿಯುಂಡೆಗಳಿದ್ದವು. ಈಗ ಅವನು ಅವುಗಳನ್ನು ಗಲ್ಲೆಯ ಮೇಲೆ ಬಿಟ್ಟು ಬರುತ್ತಿರಲಿಲ್ಲ. ಹೊರಗೆ ತೆಗೆದು ನೋಡಿಕೊಳ್ಳುತ್ತಿದ್ದ, ಮತ್ತೆ ಒಳಗೆ ಇಡುತ್ತಿದ್ದ. ನೋಡಿದಷ್ಟೂ ಸಿಟ್ಟು ಏರುತ್ತಿತ್ತು.

ಹದಿನೇಳನೆಯ ದಿನ ಸ್ನೇಹಿತನಾದ ವ್ಯಾಪಾರಿ ಹೇಳಿಕಳಿಸಿದ. ಐಸಿ ಬಂದಿತ್ತು.

ರಿಪೇರಿಗಾರ ಅಂಗಡಿಗೆ ಹೋದಾಗ ಅಲ್ಲಿ ಹೊಸಬರು ಕುಳಿತಿದ್ದರು. ವ್ಯಾಪಾರಿಯ ಮಗಳಿಗೆ ಹಿಂದಿನ ವಾರ ಸಂಬಂಧ ಗೊತ್ತಾಗಿತ್ತು. ಗಂಡಿನ ಕಡೆಯ ಹಿರಿಯರು ಬೀಗರ ಅಂಗಡಿ ನೋಡಲು ಬಂದಿದ್ದರು. ಅವರ ಮುಂದೆ ಚಹಾ ಇತ್ತು, ಖಾರದ ತಟ್ಟೆಯಿತ್ತು. ವ್ಯಾಪಾರಿ ಒಂದು ಡಬ್ಬಿ ತೆಗೆದು, ಬೆಳ್ಳಿ ಬಣ್ಣದ ಕಾಗದದಲ್ಲಿ ಸುತ್ತಿದ ಐಸಿಯನ್ನು ಗಲ್ಲೆಯ ಮೇಲಿಟ್ಟ. ರಿಪೇರಿಗಾರ ಅಂಕಿ ನೋಡಿದ. ಅದೇ ಅಂಕಿ. ಜೇಬಿನಿಂದ ಹತ್ತಿ ತೆಗೆದ. ಸೀಸೆ ತೆಗೆದ.

“ಅದೇನ್ರೀ ಅದು?” ಎಂದು ಬೀಗರಲ್ಲಿ ಹಿರಿಯನಾದವನು ಕೇಳಿದ.

“ಮಾಲು ಅಸಲಿ ಐತೋ ನಕಲಿ ಐತೋ ನೋಡ್ತಾರ್ರೀ,” ಎಂದ ಅಂಗಡಿಯ ಕೆಲಸದವನು.

“ಅಂದ್ರ ಬೀಗರ ಅಂಗಡ್ಯಾಗ ನಕಲಿನೂ ಇರತೈತೇನು?” ಎಂದ ಹಿರಿಯ. ಅವನು ನಗುತ್ತಲೇ ಕೇಳಿದ. ಜೊತೆಯವರೂ ನಕ್ಕರು.

ವ್ಯಾಪಾರಿಯ ಮುಖ ಕೆಂಪಾಯಿತು. ಅವನು ಗಲ್ಲೆಯ ಮೇಲೆ ಬಾಗಿ, ಹತ್ತಿ ಹಿಡಿದ ಕೈಯನ್ನು ಹಿಡಿದುಕೊಂಡ.

“ಇಪ್ಪತ್ತೆರಡು ವರ್ಷ ಆತಲ್ಲೋ ಮಾಸ್ತರ. ನನ್ನ ಅಂಗಡ್ಯಾಗ ಒಂದರ ಕಪ್ಪು ಬಿಟ್ಟೈತೇನು? ಇವತ್ತೊಂದಿನ ಬ್ಯಾಡೋ. ಇವರ ಮುಂದ ನನ್ನ ಮರ್ಯಾದಿ ಉಳಸೋ.”

ರಿಪೇರಿಗಾರ ಸ್ನೇಹಿತನ ಮುಖ ನೋಡಿದ. ಬೀಗರನ್ನು ನೋಡಿದ. ಹತ್ತಿಯನ್ನು ಜೇಬಿಗೆ ಹಾಕಿಕೊಂಡ.

“ಸರಿಯಾಗಿಯೇ ಮಾಡಿದ,” ಎಂದು ಶಿಷ್ಯ ನಡುವೆ ಹೇಳಿದ. “ಇಪ್ಪತ್ತೆರಡು ವರ್ಷದ ಸ್ನೇಹಿತನಿಗೆ ಅಷ್ಟೂ ಮಾಡದಿದ್ದರೆ ಅವನೆಂಥ ಮನುಷ್ಯ?”

“ಆ ಮಾತನ್ನು ಅಲ್ಲೇ ಇಟ್ಟಿರು,” ಎಂದರು ಗುರುಗಳು.

ರಿಪೇರಿಗಾರ ಮನೆಗೆ ಬಂದ. ಅಲ್ಲಾದರೂ ಒರೆಸಬಹುದಿತ್ತು; ಸ್ನೇಹಿತನನ್ನು ಬೆನ್ನ ಹಿಂದೆ ಅನುಮಾನಿಸಿದಂತಾಗುತ್ತದೆಂದು ಒರೆಸಲಿಲ್ಲ. ಐಸಿಯನ್ನು ಅದರ ಜಾಗದಲ್ಲಿ ಕೂರಿಸಿದ. ಕಾಲುಗಳನ್ನು ಒಂದೊಂದಾಗಿ ಬೆಸೆದ. ಸ್ವಿಚ್ ಹಾಕಿದ.

ಅದರ ಒಳಗಿದ್ದುದು ಬೇರೆಯೇ ಏನೋ. ಎಲ್ಲಿ ತಡೆಯಿರಬೇಕಿತ್ತೋ ಅಲ್ಲಿ ದಾರಿಯಿತ್ತು. ಹದಿನೈದು ವೋಲ್ಟು ಹೋಗಬಾರದ ಕಡೆ ಹೋಯಿತು. ಐದು ವೋಲ್ಟಿನಲ್ಲಿ ಬದುಕುತ್ತಿದ್ದ ಮೆಮೊರಿಯನ್ನು ಮುಟ್ಟಿತು. ದೊಡ್ಡ ಸದ್ದೇನೂ ಆಗಲಿಲ್ಲ. ಸ್ವಲ್ಪ ವಾಸನೆ ಬಂತು. ರಿಪೇರಿಗಾರ ಸ್ವಿಚ್ ತೆಗೆಯುವಷ್ಟರಲ್ಲಿ ವಾದಕಿಯ ಹದಿನೆಂಟು ವರ್ಷ ಮುಗಿದಿತ್ತು.

ಅವನು ಆಗ ಜೇಬಿನಿಂದ ಹತ್ತಿ ತೆಗೆದು, ಅದ್ದಿ, ಐಸಿಯ ಬೆನ್ನನ್ನು ಒರೆಸಿದ. ಹತ್ತಿ ಕಪ್ಪಾಯಿತು.

ಮರುದಿನ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಅವನು ವ್ಯಾಪಾರಿಯ ಅಂಗಡಿಯ ಮುಂದೆ ನಿಂತಿದ್ದ. ಡಬ್ಬಿಯಲ್ಲಿ ಉಳಿದಿದ್ದ ಐಸಿಗಳನ್ನೆಲ್ಲ ಗಲ್ಲೆಯ ಮೇಲೆ ಸುರಿದ. ಒಂದೊಂದಾಗಿ ಒರೆಸಿದ. ಎಲ್ಲವೂ ಕಪ್ಪು ಬಿಟ್ಟವು. ಅಕ್ಕಪಕ್ಕದ ಅಂಗಡಿಯವರು ಬಂದು ಸುತ್ತ ನಿಂತರು. ಇಷ್ಟು ವರ್ಷ ಅವನ ಹತ್ತಿಗೆ ಹೆದರಿದವರು ಅವರು.

“ಈಗ ತಂದ್ರ್ಯಾ ಮಾಸ್ತರ ಹತ್ತಿ?” ಎಂದ ಅವರಲ್ಲಿ ಒಬ್ಬ. “ಹೆಣದ ಮೂಗಿಗೆ ಇಡಾಕ?”

ರಿಪೇರಿಗಾರ ಅವನ ಕಡೆ ತಿರುಗಲಿಲ್ಲ. ಕಪ್ಪು ಉಂಡೆಗಳನ್ನೆಲ್ಲ ಒಟ್ಟುಮಾಡಿ ಸ್ನೇಹಿತನ ಎದುರಿಗೆ ಇಟ್ಟ.

“ಯಾಕ ಮಾಡಿದಿ?” ಎಂದು ಕೇಳಿದ.

“ಬೇಕಂತ ಮಾಡಿಲ್ಲೋ. ಹೊಸ ಮಂದಿ ಪಾರ್ಸಲ್ ಕಳಿಸಿದ್ರು.”

“ನೀ ನೋಡಿ ತರಸ್ತಿ ಅಂತ ತಿಳಿದಿದ್ದೆ.”

ವ್ಯಾಪಾರಿ ತಲೆ ತಗ್ಗಿಸಿ ಹೇಳಿದ:

“ನಾ ಯಾವತ್ತೂ ಒರಸಿ ನೋಡಿಲ್ಲೋ. ಇಪ್ಪತ್ತೆರಡು ವರ್ಷದಾಗ ಒಂದೂ ನೋಡಿಲ್ಲ. ಮಾಸ್ತರ ಬರ್ತಾನ, ಹತ್ತಿ ತರ್ತಾನ, ಎಲ್ಲಾರ ಮುಂದ ಮಾನ ಕಳೀತಾನ ಅಂತ ಹೆದರಿ ಛಲೋ ಮಂದಿ ಕಡೆಯಿಂದ ಛಲೋ ಮಾಲು ತರಸ್ತಿದ್ದೆ. ಈ ಐಸಿ ಎಲ್ಲೂ ಸಿಗಲಿಲ್ಲ. ಹೊಸಬರ ಕಡೆ ತರಿಸಿದೆ. ನನಗೂ ಅನುಮಾನ ಇತ್ತು. ಹೆಂಗೂ ನೀ ಒರಸ್ತಿ, ಕಪ್ಪು ಬಿಟ್ರ ವಾಪಸ್ ಕಳಸಿದ್ರಾತು ಅಂದ್ಕೊಂಡಿದ್ದೆ.”

“ಮತ್ತ ನಾ ಒರಸಾಕ ಹತ್ತಿದಾಗ ಕೈ ಯಾಕ ಹಿಡಿದಿ?”

“ಬೀಗರು ಕುಂತಿದ್ರಲ್ಲೋ,” ಎಂದ ವ್ಯಾಪಾರಿ.

ರಿಪೇರಿಗಾರನ ಕೈ ಮೇಲೆದ್ದಿತು. ಹೊಡೆಯುತ್ತಾನೆಂದು ಎಲ್ಲರೂ ತಿಳಿದರು. ಆ ಕೈಯನ್ನು ಹಿಂದಿನ ದಿನ ಸ್ನೇಹಿತ ಹಿಡಿದಾಗ ಅದು ಎಷ್ಟು ಸುಲಭವಾಗಿ ಇಳಿದಿತ್ತೆಂದು ಅವನಿಗೆ ನೆನಪಾಯಿತು. ಹಿಡಿದವನು ವ್ಯಾಪಾರಿ. ಇಳಿಸಿದವನು ತಾನು. ಅವನು ಹೊಡೆಯದೆ ಹಿಂದಿರುಗಿದ. ಹೊಡೆದಿದ್ದರೆ ಸಿಟ್ಟು ಅಲ್ಲಿಗೆ ಮುಗಿಯುತ್ತಿತ್ತು. ಮುಗಿಯಲಿಲ್ಲ.

ವ್ಯಾಪಾರಿ ಆ ದಿನವೇ ಅಂಗಡಿ ಮುಚ್ಚಿ ಊರೂರು ತಿರುಗಿದ. ಆ ರಾತ್ರಿಯೇ, ಯಾರದೋ ಅಟ್ಟದ ಮೇಲೆ ಸತ್ತು ಬಿದ್ದಿದ್ದ ಅದೇ ಬಗೆಯ ಪೆಟ್ಟಿಗೆಯಿಂದ ಒಂದು ಅಸಲಿ ಐಸಿ ಬಿಚ್ಚಿಸಿ ತಂದ. ಜೊತೆಗೆ ಒಂದು ಬಿಳಿ ಹತ್ತಿಯುಂಡೆ ತಂದು ಮೇಜಿನ ಮೇಲಿಟ್ಟ. ಅವನೇ ಒರೆಸಿ ನೋಡಿದ್ದ. ಅವನ ಆಯುಷ್ಯದಲ್ಲಿ ಅದು ಮೊದಲ ಸಲ.

ರಿಪೇರಿಗಾರ ತನ್ನ ಜೇಬಿನಿಂದ ಬೇರೆ ಹತ್ತಿ ತೆಗೆದು, ಅವನ ಎದುರಿಗೇ ಇನ್ನೊಮ್ಮೆ ಒರೆಸಿದ. ವ್ಯಾಪಾರಿ ನಿಂತು ನೋಡಿದ. ಹತ್ತಿ ಬೆಳ್ಳಗೆ ಉಳಿಯಿತು.

ಹತ್ತೊಂಬತ್ತನೆಯ ದಿನ ವಾದಕಿ ಬಂದಳು. ಪೆಟ್ಟಿಗೆ ಸಿದ್ಧವಾಗಿತ್ತು. ಸುಟ್ಟ ಮೆಮೊರಿಯ ಜಾಗಕ್ಕೆ ರಿಪೇರಿಗಾರ ಹೊಸ ಮೆಮೊರಿ ಐಸಿ ಹಾಕಿದ್ದ. ಆರೂ ಸ್ವರಗಳು ಸ್ವಚ್ಛವಾಗಿ ನುಡಿಯುತ್ತಿದ್ದವು. ಕರಕರ ಎಲ್ಲಿಯೂ ಇರಲಿಲ್ಲ. ಅವಳು ಕುಳಿತು ಒಂದು ಗುಂಡಿ ಒತ್ತಿ ಸ್ವರ ಹಿಡಿದಳು. ಇನ್ನೊಂದು ಗುಂಡಿ ಒತ್ತಿದಳು. ನಲವತ್ತೆಂಟನ್ನೂ ಒತ್ತಿದಳು. ನಲವತ್ತೆಂಟು ಕಡೆಯೂ ಒಂದೇ ಬೋಳು ಸಪ್ಪಳ ಬಂತು. ಬಾವಿಯಿರಲಿಲ್ಲ, ರೈಲಿರಲಿಲ್ಲ. ಅವಳ ತಂದೆ ಅಳಿಸಬೇಡ ಎಂದಿದ್ದೂ ಇರಲಿಲ್ಲ.

“ಇದು ಯಾರ ಪೆಟ್ಟಿಗಿ?” ಎಂದು ಅವಳು ಕೇಳಿದಳು.

ರಿಪೇರಿಗಾರ ಏನನ್ನೂ ಮುಚ್ಚಿಡಲಿಲ್ಲ. ಐಸಿ ತಂದದ್ದು, ಹತ್ತಿ ತೆಗೆದದ್ದು, ಮತ್ತೆ ಜೇಬಿಗೆ ಹಾಕಿಕೊಂಡದ್ದು, ಎಲ್ಲವನ್ನೂ ಹೇಳಿದ. ಅವಳು ಕೊನೆಯವರೆಗೂ ಕೇಳಿದಳು.

“ಎಲ್ಲಾರ ಐಸಿನೂ ಒರಸಿದ್ರಿ. ನನ್ನದೊಂದು ಯಾಕ ಬಿಟ್ರಿ?”

“ಅವ ನನ್ನ ದೋಸ್ತ, ತಂಗಿ. ಇಪ್ಪತ್ತೆರಡು ವರ್ಷದ ದೋಸ್ತಿ. ಅವನ ಬೀಗರ ಮುಂದ ಹೆಂಗ ಒರಸ್ಲಿ?”

“ದೋಸ್ತಿ ನಿಮ್ದು,” ಎಂದಳು ವಾದಕಿ. “ಪೆಟ್ಟಿಗಿ ನಂದು.”

ಅವಳು ಅಳಲಿಲ್ಲ, ಕೂಗಲಿಲ್ಲ. ಎದ್ದು ನಿಂತು ಇನ್ನೊಂದು ಮಾತು ಹೇಳಿದಳು.

“ಅವರ ಮರ್ಯಾದಿ ಉಳಸಬೇಕಂದ್ರ ನಿಮ್ಮ ಮನಿಯಿಂದ ಏನರ ಕೊಡಬೇಕಾಗಿತ್ರೀ ಮಾಸ್ತರ. ನನ್ನ ಅಪ್ಪನ ಸಪ್ಪಳ ತಗದು ಯಾಕ ಕೊಟ್ರಿ?”

ಹೊತ್ತು ತಂದಿದ್ದ ಗಂಡಸರು ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ ಹೊತ್ತುಕೊಂಡು ಹೋದರು. ಮರುದಿನ ಮೊದಲ ಆಟ ನಡೆಯಿತು. ಹೆಣದ ದೃಶ್ಯದಲ್ಲಿ ಅವಳು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಪೆಟ್ಟಿಗೆ ಮುಟ್ಟಲಿಲ್ಲ. ಜನ ನಗಲಿಲ್ಲ. ಆದರೆ ಆ ಪಾತ್ರ ಮಾಡುವವಳು ಒಂದು ಕ್ಷಣ ಮಾತು ನಿಲ್ಲಿಸಿ, ಬರಬೇಕಾದ ಸಪ್ಪಳಕ್ಕಾಗಿ ಕಾದಳು.

ಗುರುಗಳು ಕತೆ ನಿಲ್ಲಿಸಿದರು. ಜಗಲಿಯ ಮೇಲೆ ಮಗು ಕೆಮ್ಮಿತು. ತಾಯಿ ಅದರ ಬೆನ್ನು ತಟ್ಟುವುದು ಒಳಗೆ ಕೇಳಿಸಿತು.

ಶಿಷ್ಯನ ಸಿಟ್ಟು ಇನ್ನೂ ಇಳಿದಿರಲಿಲ್ಲ.

“ತಪ್ಪು ಆ ವ್ಯಾಪಾರಿಯದು,” ಎಂದ ಅವನು. “ಅವನು ಎಂದೂ ಪರೀಕ್ಷಿಸಿ ಕೊಟ್ಟವನಲ್ಲ. ನಾನು ಹಾಗಲ್ಲ. ನನ್ನ ಕಷಾಯಕ್ಕೆ ಬೇರು ನಾನೇ ಆರಿಸುತ್ತೇನೆ. ನಾನೇ ತೂಗುತ್ತೇನೆ, ನಾನೇ ಕುದಿಸುತ್ತೇನೆ. ನೀವು ನೋಡುತ್ತೀರೆಂಬ ಹೆದರಿಕೆಗೆ ಮಾಡುವವನಲ್ಲ ನಾನು.”

“ಇರಬಹುದು,” ಎಂದರು ಗುರುಗಳು. “ಈ ಹನ್ನೊಂದು ವರ್ಷದಲ್ಲಿ ನಾನು ನೋಡದ ಸೀಸೆ ಒಂದೂ ಇಲ್ಲ. ಆದ್ದರಿಂದ ಅದು ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ.”

“ಹಾಗಾದರೆ ನಂಬಿಕೆಗೆ ಬೆಲೆಯೇ ಇಲ್ಲವೇ? ನಮ್ಮಿಬ್ಬರ ನಡುವೆ ಇಷ್ಟು ವರ್ಷ ಇದ್ದದ್ದು ಏನು?”

ಗುರುಗಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಸೀಸೆಯ ಮೇಲೆ ಶಿಷ್ಯನ ಅಂಗೈ ಮಾತ್ರ ಉಳಿಯಿತು.

“ಸರಿ, ಮುಚ್ಚಳ ತೆಗೆಯುವುದಿಲ್ಲ. ಹೊರಗೆ ಕುಳಿತ ಆ ತಾಯಿಗೆ ಸೀಸೆ ಕೊಟ್ಟು, ‘ನನ್ನ ಮರ್ಯಾದೆ ಉಳಿಸಲು ನಿನ್ನ ಮಗುವಿನ ಔಷಧಿಯನ್ನು ಗುರುಗಳು ನೋಡಲಿಲ್ಲ’ ಎಂದು ನೀನೇ ಹೇಳಿ ಬಾ.”